ಕಾಗದದ ಕಾರ್ಖಾನೆಯ ಕಪ್ಪುನೀರು

(ಸಂಘದ ವಾರ್ಷಿಕೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಕಾಸರಗೋಡಿನ ಕನ್ನಡ ವೇದಿಕೆಗಳ ಮೇಲೆ ಕಾವ್ಯ, ಯಕ್ಷಗಾನ, ನಮ್ಮ ಶಾಲೆಗಳ ಸ್ಥಿತಿಗತಿ ಇವುಗಳನ್ನು ಕುರಿತು ಭಾಷಣಗಳಾಗುವುದು ವಾಡಿಕೆ. ಈ ಸಲ ರಸಾಯನಶಾಸ್ತ್ರದ ಒಂದು ವಿಷಯವನ್ನು ಕನ್ನಡದಲ್ಲಿಯೇ ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ಕಾಗದದ ಕಾರ್ಖಾನೆಗಳಿಂದ ಹೊರಬೀಳುವ ಕಪ್ಪುನೀರಿನಿಂದ ಉದ್ಯಮಗಳಿಗೆ ಬೇಕಾದ ಸಾಬೂನಿನ ಜಾತಿಯ ದ್ರವ್ಯಗಳನ್ನು ತಯಾರಿಸುವುದು ನಾನು ಆರಿಸಿಕೊಂಡ ವಿಷಯ. ಇದನ್ನು ಕೇಳಿದ ಮಿತ್ರರೊಬ್ಬರು, ‘ನಮ್ಮ ಊರಿನಲ್ಲಿ ಕಾಗದದ ಕಾರ್ಖಾನೆಯೇ ಇಲ್ಲವಲ್ಲ’ ಎಂದು ನಕ್ಕರು. ಕಾರ್ಖಾನೆ ಇಲ್ಲದಿರುವುದು ನಿಜ. ಆದರೆ ನಾನು ಹೇಳಬೇಕೆಂದಿರುವ ದ್ರವ್ಯವು ಇಲ್ಲಿರುವ ಅನೇಕರ ಅಂಗಳದಲ್ಲಿ, ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ, ಪಾತ್ರೆಯೊಳಗೆ ಕುದಿದಿದೆ.

ಅಡಕೆಯ ಕೊಳೆರೋಗವನ್ನು ನಾನು ತಮಗೆ ವರ್ಣಿಸಬೇಕಾಗಿಲ್ಲ. ಮಲೆನಾಡಿನ ಹಿರಿಯರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡಿಕೊಳ್ಳುತ್ತಿದ್ದರು. 1910ರ ಸುಮಾರಿನಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿದ್ವಾಂಸರು ಈ ರೋಗವನ್ನು ಶಾಸ್ತ್ರೀಯವಾಗಿ ಅಭ್ಯಸಿಸಿ, ಮೈಲುತುತ್ತು ಮತ್ತು ಸುಣ್ಣಗಳ ಬೋರ್ಡೋ ಮಿಶ್ರಣವನ್ನು ಬಳಕೆಗೆ ತಂದರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಈ ಲೆಕ್ಕ ಇಲ್ಲಿಯ ಮಕ್ಕಳಿಗೂ ಬಾಯಿಪಾಠವಾಗಿರುವುದು. ಆದರೆ ಅಡಕೆಯ ಎಳೆಯ ಕಾಯಿ ಮೇಣ ಹಚ್ಚಿದಂತೆ ನುಣುಪಾದುದು. ಬರಿಯ ಮದ್ದನ್ನು ಬಿಟ್ಟರೆ ಅದು ಹನಿಹನಿಯಾಗಿ ಉರುಳಿ ಕೆಳಗೆ ಬೀಳುತ್ತದೆ. ಅಂಟಿದಷ್ಟನ್ನೂ ಆಷಾಢದ ಮಳೆ ತೊಳೆದುಬಿಡುತ್ತದೆ. ಆದುದರಿಂದಲೇ ರಾಳವನ್ನು ಸೋಡದೊಡನೆ ಕುದಿಸಿ, ಆ ಕಂದುಬಣ್ಣದ ಪಾಕವನ್ನು ಮದ್ದಿಗೆ ಸೇರಿಸುವ ಪದ್ಧತಿ ಬಂದಿತು. ತೋಟದವರು ಅದನ್ನು ‘ಅಂಟು’ ಎನ್ನುತ್ತಾರೆ. ರಸಾಯನಶಾಸ್ತ್ರದ ದೃಷ್ಟಿಯಿಂದ ಅದು ಅಚ್ಚ ಸಾಬೂನು. ರಾಳದಲ್ಲಿರುವ ಆಮ್ಲಗಳು ಸೋಡದ ಕ್ಷಾರದೊಡನೆ ಕೂಡಿ ಆದ ಸಾಬೂನು.

ಇಂಥ ದ್ರವ್ಯಗಳಿಗೆಲ್ಲ ಇಂಗ್ಲಿಷಿನಲ್ಲಿ ಸರ್ಫ್ಯಾಕ್ಟಂಟ್ ಎಂಬ ಹೆಸರು ಸುಮಾರು 1950ರಲ್ಲಿ ಹುಟ್ಟಿತು. ಮೂರು ಪದಗಳನ್ನು ಕತ್ತರಿಸಿ ಅಂಟಿಸಿದ ಪದ ಅದು. ಆ ಭಾಷೆಯವರಿಗೂ ಅದು ಅಪ್ಪಟ ಮನೆಮಾತಲ್ಲ. ಕನ್ನಡದಲ್ಲಿ ‘ಮೇಲ್ಮೈಕಾರಕ’ ಎನ್ನಬಹುದು. ಇದರ ಕೆಲಸವನ್ನು ತಿಳಿಯಬೇಕಾದರೆ, ಮಾತು ಬಿಟ್ಟ ಎರಡು ಮನೆಗಳ ನಡುವೆ ಸಂಧಾನಕ್ಕೆ ನಿಂತ ಹಿರಿಯನನ್ನು ನೆನೆದುಕೊಂಡರೆ ಸಾಕು. ಎಣ್ಣೆ ನೀರಿಗೆ ಸೇರದು. ಮೇಲ್ಮೈಕಾರಕದ ಅಣುವಿಗೆ ಎರಡು ಕೊನೆಗಳುಂಟು. ಒಂದು ಕೊನೆಗೆ ನೀರು ಪ್ರಿಯ, ಇನ್ನೊಂದಕ್ಕೆ ಜಿಡ್ಡು ಪ್ರಿಯ. ಅಣುಗಳು ಎರಡರ ಗಡಿಯಲ್ಲಿ ಸಾಲಾಗಿ ನಿಂತು ಎರಡು ಕಡೆಗೂ ಕೈಚಾಚುತ್ತವೆ. ಆಗ ನೀರಿನ ಮೇಲ್ಮೈಯ ಬಿಗಿತ ಸಡಿಲುತ್ತದೆ; ಹನಿಯಾಗಿ ಉರುಳುವ ನೀರು ಹರಡಿ ಒದ್ದೆಮಾಡುತ್ತದೆ; ಜಿಡ್ಡು ಸಣ್ಣ ಕಣಗಳಾಗಿ ನೀರಿನಲ್ಲಿ ತೇಲುತ್ತದೆ. ನಮ್ಮ ಅಜ್ಜಿಯರು ಬಳಸುತ್ತಿದ್ದ ಸೀಗೆ, ಅಂಟುವಾಳಗಳ ನೊರೆಯ ಗುಟ್ಟೂ ಇದೇ. ಗಡಿಯಲ್ಲಿ ನಿಂತು ಎರಡು ಕಡೆಗೂ ಸಲ್ಲುವವರ ಬೆಲೆಯನ್ನು ಈ ಸಭೆಗೆ ನಾನು ಬೇರೆ ಹೇಳಬೇಕಾಗಿಲ್ಲ.

ಈಗ ಕಾಗದಕ್ಕೆ ಬರೋಣ. ಮರವಾಗಲಿ ಬಿದಿರಾಗಲಿ ಅದರೊಳಗೆ ಮುಖ್ಯವಾಗಿ ಸೆಲ್ಯುಲೋಸ್ ಎಂಬ ನಾರೂ, ಆ ನಾರುಗಳನ್ನು ಒಂದಕ್ಕೊಂದು ಬೆಸೆದು ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ಎಂಬ ಅಂಟೂ ಇರುತ್ತವೆ. ನಾರನ್ನು ಕಬ್ಬಿಣದ ಸರಳೆಂದೂ ಲಿಗ್ನಿನ್ನನ್ನು ಅದರ ಸುತ್ತ ಸುರಿದ ಕಾಂಕ್ರೀಟೆಂದೂ ಭಾವಿಸಬಹುದು. ಕಾಗದಕ್ಕೆ ಬೇಕಾದುದು ನಾರು ಮಾತ್ರ. 1879ರಲ್ಲಿ ಡಾನ್‌ಜಿಗ್ ನಗರದಲ್ಲಿ ಕಾರ್ಲ್ ಡಾಲ್ ಎಂಬ ರಸಾಯನಜ್ಞ, ಮರದ ಚಕ್ಕೆಗಳನ್ನು ಕಾಸ್ಟಿಕ್ ಸೋಡ ಮತ್ತು ಸೋಡಿಯಂ ಸಲ್ಫೈಡುಗಳ ದ್ರಾವಣದಲ್ಲಿ ಒತ್ತಡದ ಮೇಲೆ ಬೇಯಿಸಿದರೆ ಲಿಗ್ನಿನ್ ಕರಗಿ ನಾರು ಗಟ್ಟಿಯಾಗಿ ಉಳಿಯುವುದೆಂಬುದನ್ನು ಕಂಡನು. ಆ ಕಾಗದ ಬಹಳ ಬಲವಾಗಿದ್ದುದರಿಂದ ವಿಧಾನಕ್ಕೆ ‘ಕ್ರಾಫ್ಟ್’ ಎಂಬ ಹೆಸರು ಬಂದಿತು. ಜರ್ಮನ್ ಭಾಷೆಯಲ್ಲಿ ಆ ಮಾತಿಗೆ ಬಲವೆಂದೇ ಅರ್ಥ. ಇಂದು ಜಗತ್ತಿನಲ್ಲಿ ರಸಾಯನ ವಿಧಾನದಿಂದ ತಯಾರಾಗುವ ತಿರುಳಿನ ಬಹುಪಾಲು ಇದರಿಂದಲೇ ಬರುತ್ತದೆ.

ಆದರೆ ಬೆಂದ ಮರದ ಅರ್ಧಕ್ಕಿಂತ ಹೆಚ್ಚು ಭಾಗ ಕಾಗದವಾಗುವುದಿಲ್ಲ. ಅದು ನೀರಿನಲ್ಲಿ ಕರಗಿ, ಡಾಮರಿನಷ್ಟು ಕಪ್ಪಾದ, ಕೊಳೆತ ಮೊಟ್ಟೆಯಂತೆ ನಾರುವ ದ್ರಾವಣವಾಗಿ ಹೊರಬರುತ್ತದೆ. ಒಂದು ಟನ್ನು ತಿರುಳಿಗೆ ಸುಮಾರು ಒಂದೂವರೆ ಟನ್ನಿನಷ್ಟು ಘನಪದಾರ್ಥ ಈ ಕಪ್ಪುನೀರಿನಲ್ಲಿ ಇರುವುದೆಂದರೆ, ಕಾಗದದ ಕಾರ್ಖಾನೆ ಕಾಗದಕ್ಕಿಂತ ಹೆಚ್ಚಾಗಿ ಕಪ್ಪುನೀರನ್ನೇ ತಯಾರಿಸುತ್ತದೆ ಎಂದರೆ ತಪ್ಪಾಗದು.

ಪೈನ್ ಮರವನ್ನು ಬೇಯಿಸುವ ಸ್ವೀಡನ್, ಫಿನ್ಲೆಂಡ್ ಮತ್ತು ಅಮೆರಿಕದ ದಕ್ಷಿಣದ ಸಂಸ್ಥಾನಗಳಲ್ಲಿ ಈ ಕಪ್ಪುನೀರನ್ನು ಕಾಯಿಸಿ ಗಟ್ಟಿಮಾಡುವಾಗ ಒಂದು ವಿಚಿತ್ರ ನಡೆಯುತ್ತದೆ. ಹಾಲಿನ ಮೇಲೆ ಕೆನೆ ಕಟ್ಟುವಂತೆ ಅದರ ಮೇಲೆ ಒಂದು ಕೆನೆ ತೇಲಿಬರುತ್ತದೆ. ಆ ಕೆನೆ ಸಾಬೂನು! ಪೈನ್ ಮರದ ಮೈಯಲ್ಲಿದ್ದ ರಾಳವೂ ಕೊಬ್ಬಿನ ಆಮ್ಲಗಳೂ ಅಡುಗೆಯ ಕ್ಷಾರದೊಡನೆ ಕೂಡಿ, ನಮ್ಮ ತೋಟದವರು ಪಾತ್ರೆಯಲ್ಲಿ ಮಾಡುವ ಕೆಲಸವನ್ನು ತಾವಾಗಿಯೇ ಮಾಡಿಕೊಂಡಿರುತ್ತವೆ. ಕೆನೆಯನ್ನು ತೆಗೆದು ಗಂಧಕಾಮ್ಲ ಹಾಕಿದರೆ ಕಂದು ಎಣ್ಣೆ ಬೇರೆಯಾಗುತ್ತದೆ. ಅದನ್ನು ‘ಟಾಲ್ ಎಣ್ಣೆ’ ಎನ್ನುತ್ತಾರೆ. ಸ್ವೀಡಿಷ್ ಭಾಷೆಯಲ್ಲಿ ‘ಟಾಲ್’ ಎಂದರೆ ಪೈನ್ ಮರ. ಪೈನಿನ ತಿರುಳು ಒಂದು ಟನ್ನಿಗೆ ಮೂವತ್ತರಿಂದ ಐವತ್ತು ಕಿಲೋ ಎಣ್ಣೆ ದೊರೆಯಬಹುದು. ನಿರ್ವಾತದಲ್ಲಿ ಬಟ್ಟಿಯಿಳಿಸಿದರೆ ರಾಳ ಒಂದು ಕಡೆ, ಕೊಬ್ಬಿನ ಆಮ್ಲಗಳು ಒಂದು ಕಡೆ, ತಳದಲ್ಲಿ ಕೀಲಿನಂಥ ಪದಾರ್ಥ.

ನಮ್ಮ ಅಂಗಡಿಗೆ ಬರುವ ರಾಳವು ಹಿಮಾಲಯದ ಚೀರ್ ಪೈನ್ ಮರಗಳಿಗೆ ಗಾಯಮಾಡಿ ಇಳಿಸಿದ ಅಂಟಿನಿಂದಲೂ ಆಗುವುದು. ಟಾಲ್ ಎಣ್ಣೆಯ ರಾಳವು ಮರ ಕಾಗದವಾದ ಮೇಲೆ ಉಳಿದುದು. ಎರಡೂ ಒಂದೇ ಕುಲ. ಈ ರಾಳದ ಸಾಬೂನು ಕೃತಕ ರಬ್ಬರಿನ ತಯಾರಿಕೆಯಲ್ಲಿ ಎಣ್ಣೆಯಂಥ ಮೂಲದ್ರವ್ಯಗಳನ್ನು ನೀರಿನಲ್ಲಿ ಕಣಕಣವಾಗಿ ಹಿಡಿದಿಡುತ್ತದೆ. ಕೊಬ್ಬಿನ ಆಮ್ಲಗಳನ್ನು ಅಮೈನುಗಳೊಡನೆ ಸೇರಿಸಿ ಮಾಡಿದ ಮೇಲ್ಮೈಕಾರಕಗಳು ಡಾಮರನ್ನು ನೀರಿನೊಡನೆ ಬೆರೆಸುತ್ತವೆ. ಡಾಮರನ್ನು ಕುದಿಸಿ ಹೊಗೆಯೆಬ್ಬಿಸದೆ, ಹಾಲಿನಂತೆ ತೆಳ್ಳಗೆ ಸಿಂಪಡಿಸಿ, ಜಲ್ಲಿಯ ಮೇಲೆ ಅದು ಹಿಡಿದುಕೊಂಡು ನೀರು ಆವಿಯಾಗುವ ರಸ್ತೆಯ ಕೆಲಸವನ್ನು ತಾವು ನೋಡಿರಬಹುದು. ಅದಿರನ್ನು ಪುಡಿಮಾಡಿ ನೊರೆಯಲ್ಲಿ ತೇಲಿಸಿ ಬೇರ್ಪಡಿಸುವ ಗಣಿಗಳಲ್ಲಿಯೂ ಟಾಲ್ ಎಣ್ಣೆಯ ಆಮ್ಲಗಳಿಗೆ ಕೆಲಸವುಂಟು. ಇನ್ನೂ ಒಂದು ಸೊಗಸಿನ ಮಾತು: ಬರೆಯುವ ಕಾಗದದ ಮೇಲೆ ಶಾಯಿ ಹರಡದಿರಲೆಂದು ಅದಕ್ಕೆ ರಾಳದ ಸಾಬೂನನ್ನೂ ಪಟಿಕವನ್ನೂ ಹಾಕುವ ಪದ್ಧತಿಯನ್ನು ಜರ್ಮನಿಯ ಇಲ್ಲಿಗ್ ಎಂಬವನು 1807ರಲ್ಲಿ ಪ್ರಕಟಿಸಿದನು. ಮರದಿಂದ ಬಂದ ರಾಳ ಹೀಗೆ ಮತ್ತೆ ಕಾಗದವನ್ನೇ ಸೇರಿತು.

ಲಿಗ್ನಿನ್ನಿನ ಕಥೆ ಇದಕ್ಕಿಂತ ಹಿರಿದು. ಕ್ರಾಫ್ಟ್ ವಿಧಾನಕ್ಕೂ ಮುಂಚೆ ಸಲ್ಫೈಟ್ ಎಂಬ ಇನ್ನೊಂದು ವಿಧಾನ ಹುಟ್ಟಿತ್ತು. ಅಮೆರಿಕದ ಟಿಲ್ಗ್‌ಮನ್ ಅದಕ್ಕೆ ದಾರಿ ತೋರಿದನು, ಸ್ವೀಡನ್ನಿನ ಬೆರ್ಗ್‌ವಿಕ್‌ನಲ್ಲಿ ಏಕ್‌ಮನ್ 1874ರಲ್ಲಿ ಅದನ್ನು ಕಾರ್ಖಾನೆಗೆ ತಂದನು. ಅದರಲ್ಲಿ ಗಂಧಕದ ಆಮ್ಲಗುಂಪುಗಳು ಲಿಗ್ನಿನ್ನಿಗೇ ಅಂಟಿಕೊಂಡು ಅದನ್ನು ನೀರಿನಲ್ಲಿ ಕರಗುವಂತೆ ಮಾಡುತ್ತವೆ. ಹಾಗಾದ ಪದಾರ್ಥವೇ ಲಿಗ್ನೋಸಲ್ಫೊನೇಟ್. ಬಹುಕಾಲ ಅದನ್ನು ನದಿಗೆ ಬಿಟ್ಟರು. ನೀರಿನಲ್ಲಿದ್ದ ಸಕ್ಕರೆಗಳು ಕೊಳೆತು ಆಮ್ಲಜನಕವನ್ನೆಲ್ಲ ಹೀರಿಕೊಂಡುದರಿಂದ ಮೀನುಗಳು ಸತ್ತವು. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ರಾತ್‌ಸ್ಚೈಲ್ಡ್ ಎಂಬಲ್ಲಿದ್ದ ಕಾರ್ಖಾನೆಯಲ್ಲಿ ಗೈ ಹೊವರ್ಡ್ ಎಂಬ ರಸಾಯನಜ್ಞನು ಆ ನೀರಿಗೆ ಸುಣ್ಣ ಹಾಕಿ ಲಿಗ್ನೋಸಲ್ಫೊನೇಟನ್ನು ಬೇರ್ಪಡಿಸುವ ಕ್ರಮವನ್ನು ರೂಪಿಸಿದನು. 1930ರ ದಶಕದಲ್ಲಿ ಅಲ್ಲಿಂದಲೇ ವೆನಿಲಾ ಪರಿಮಳದ ವೆನಿಲಿನ್ ಕೂಡ ಹೊರಬಂದಿತು. ಇಂದಿಗೂ ನಾರ್ವೆಯ ಸಾರ್ಪ್ಸ್‌ಬೊರ್ಗ್‌ನಲ್ಲಿ ಸ್ಪ್ರೂಸ್ ಮರದಿಂದ ತಿರುಳು, ಲಿಗ್ನೋಸಲ್ಫೊನೇಟ್, ವೆನಿಲಿನ್ ಎಲ್ಲವನ್ನೂ ತೆಗೆಯುವ ಕಾರ್ಖಾನೆ ನಡೆಯುತ್ತಿದೆ.

ಈ ಲಿಗ್ನೋಸಲ್ಫೊನೇಟ್ ಸೀಗೆಯಂತೆ ನೊರೆಗೆ ಹೆಸರಾದುದಲ್ಲ. ಅದರ ಕೆಲಸ ಕಣಗಳನ್ನು ಬಿಡಿಸಿ ಇಡುವುದು. ಸ್ಲ್ಯಾಬು ಹಾಕುವ ದಿನ ಮೇಸ್ತ್ರಿಯು ಕಾಂಕ್ರೀಟು ಸರಾಗವಾಗಿ ಹರಿಯಲೆಂದು ನೀರನ್ನು ಹೆಚ್ಚು ಸುರಿಯುತ್ತಾನೆ. ಸಿಮೆಂಟಿಗೆ ಬೇಕಾದುದಕ್ಕಿಂತ ಮಿಗಿಲಾದ ನೀರು ಮುಂದೆ ಆವಿಯಾಗಿ ಸಣ್ಣ ರಂಧ್ರಗಳನ್ನು ಬಿಟ್ಟುಹೋಗುತ್ತದೆ; ಚಾವಣಿ ದುರ್ಬಲವಾಗುತ್ತದೆ. ಲಿಗ್ನೋಸಲ್ಫೊನೇಟನ್ನು ಸ್ವಲ್ಪ ಸೇರಿಸಿದರೆ ಅದು ಸಿಮೆಂಟಿನ ಕಣಗಳ ಮೇಲೆ ಕುಳಿತು ಎಲ್ಲಕ್ಕೂ ಒಂದೇ ಜಾತಿಯ ವಿದ್ಯುದಂಶವನ್ನು ಕೊಡುತ್ತದೆ. ಕಣಗಳು ಒಂದನ್ನೊಂದು ದೂಡುತ್ತವೆ, ಮುದ್ದೆ ಬಿಡುತ್ತದೆ. ಅಷ್ಟೇ ಹರಿವಿಗೆ ಶೇಕಡ ಐದರಿಂದ ಹತ್ತರಷ್ಟು ನೀರು ಉಳಿಯುತ್ತದೆ. ಅಳತೆ ಮೀರಿ ಹಾಕಿದರೆ ಮಾತ್ರ ಕಾಂಕ್ರೀಟು ಗಟ್ಟಿಯಾಗುವುದಕ್ಕೆ ವಿಪರೀತ ತಡವಾಗುತ್ತದೆ. ಬಹುಮಹಡಿಯ ಕಟ್ಟಡಗಳಿಗೆ ಈಗ ಇದಕ್ಕಿಂತ ಶಕ್ತಿಯುತವಾದ ಕೃತಕ ದ್ರವ್ಯಗಳು ಬಂದಿವೆ. ಸಾಧಾರಣ ಕೆಲಸಕ್ಕೆ ಇದು ಸಾಲದೆ ಹೋಗುವುದಿಲ್ಲ. ಬಟ್ಟೆಯ ಬಣ್ಣಗಳ ಪುಡಿಯಲ್ಲಿ, ತೋಟಕ್ಕೆ ನೀರಿನಲ್ಲಿ ಕಲಸಿ ಬಿಡುವ ಅನೇಕ ಮದ್ದಿನ ಪುಡಿಗಳಲ್ಲಿ, ಕಣಗಳು ತಳಕ್ಕೆ ಕೂರದಂತೆ ಹಿಡಿಯುವುದೂ ಇದೇ ಬಳಗ.

ಸೀಸದ ಬ್ಯಾಟರಿಯ ಕಥೆಯನ್ನು ವಿದ್ಯಾರ್ಥಿಗಳಿಗಾಗಿ ಹೇಳಲೇಬೇಕು. ಹಿಂದೆ ಬ್ಯಾಟರಿಯ ಫಲಕಗಳ ನಡುವೆ ತೆಳ್ಳನೆಯ ಮರದ ಹಲಗೆಗಳನ್ನಿಡುತ್ತಿದ್ದರು. ಅವುಗಳ ಬದಲಿಗೆ ರಬ್ಬರಿನ ಹಾಳೆಗಳು ಬಂದವು. ಹಾಳೆಗಳು ಮರಕ್ಕಿಂತ ಉತ್ತಮವಾಗಿದ್ದವು. ಬ್ಯಾಟರಿಗಳು ಮಾತ್ರ ಬೇಗ ಸಾಯತೊಡಗಿದವು. ಹುಡುಕಿದಾಗ, ಮರದಿಂದ ಆಮ್ಲದೊಳಕ್ಕೆ ಸದ್ದಿಲ್ಲದೆ ಇಳಿಯುತ್ತಿದ್ದ ಲಿಗ್ನಿನ್ನಿನ ಅಂಶವೇ ಸೀಸದ ಹರಳುಗಳು ದಪ್ಪಗಟ್ಟದಂತೆ ಕಾಯುತ್ತಿದ್ದುದೆಂದು ತಿಳಿಯಿತು. ಅಂದಿನಿಂದ ಋಣಫಲಕದ ಹಿಟ್ಟಿಗೆ ಚಿಟಿಕೆಯಷ್ಟು ಲಿಗ್ನೋಸಲ್ಫೊನೇಟನ್ನು ಬೇಕೆಂದೇ ಬೆರೆಸುತ್ತಾರೆ. ವಿದ್ಯುತ್ತು ಹೋದಾಗ ನಿಮ್ಮ ಮನೆಯಲ್ಲಿ ದೀಪ ಉರಿಸುವ ಬ್ಯಾಟರಿಯಲ್ಲಿ ಹೀಗೆ ಯಾವುದೋ ಕಾಡಿನ ಮರದ ಪಾಲು ಇದ್ದೀತು.

ಹಾಗಾದರೆ ನಮ್ಮ ದೇಶದಲ್ಲಿ? ನಮ್ಮ ದಕ್ಷಿಣದ ಕಾರ್ಖಾನೆಗಳು ಬೇಯಿಸಿದ್ದು ಬಿದಿರು, ನೀಲಗಿರಿ, ಸುಬಾಬುಲ್, ಕಬ್ಬಿನ ಸಿಪ್ಪೆ. ಇವುಗಳಲ್ಲಿ ಪೈನಿನ ರಾಳವಿಲ್ಲ. ಆದುದರಿಂದ ಟಾಲ್ ಎಣ್ಣೆಯ ಆಸೆ ನಮಗೆ ಬೇಡ. ಲಿಗ್ನಿನ್ ಧಾರಾಳವಾಗಿ ಉಂಟು. ಭದ್ರಾವತಿಯ ಕಾಗದದ ಕಂಪೆನಿ 1936ರಲ್ಲಿ ಸ್ಥಾಪಿತವಾಯಿತು; ದಾಂಡೇಲಿಯದು 1955ರಲ್ಲಿ. ನಮ್ಮ ರಾಜ್ಯದಲ್ಲಿಯೇ, ಕೋಳಿಕ್ಕೋಡಿನ ಬಳಿಯ ಮಾವೂರಿನಲ್ಲಿ, 1960ರ ದಶಕದಲ್ಲಿ ರೇಯಾನ್ ಬಟ್ಟೆಗೆ ಬೇಕಾದ ಬಿದಿರಿನ ತಿರುಳು ತಯಾರಿಸುವ ಕಾರ್ಖಾನೆ ಆರಂಭವಾಯಿತು. ಅದರ ಕೊಳಕು ನೀರಿನಿಂದ ಚಾಲಿಯಾರ್ ನದಿ ಕೆಟ್ಟಿತೆಂದು ವಾಳಕ್ಕಾಡಿನ ಜನ ಹಲವು ವರ್ಷ ಹೋರಾಡಿದರು. 1999ರಲ್ಲಿ ಉತ್ಪಾದನೆ ನಿಂತಿತು. ನದಿ ದಂಡೆಯವರು ನಿಟ್ಟುಸಿರುಬಿಟ್ಟರು. ಕೆಲಸ ಕಳೆದುಕೊಂಡ ಸಾವಿರಾರು ಮನೆಗಳು ಕಣ್ಣೀರಿಟ್ಟವು. ಎರಡೂ ಸತ್ಯ. ಕಪ್ಪುನೀರಿನ ಪ್ರಶ್ನೆ ಪ್ರಯೋಗಶಾಲೆಯ ಪ್ರಶ್ನೆ ಮಾತ್ರವೆಂದು ನಾನು ತಿಳಿಯದಿರುವುದಕ್ಕೆ ಇದೇ ಕಾರಣ.

‘ಹಾಗಿದ್ದರೆ ಎಲ್ಲ ಕಾರ್ಖಾನೆಗಳೂ ಲಿಗ್ನಿನ್ನನ್ನು ತೆಗೆದು ಮಾರಬಾರದೆ?’ ಎಂದು ಯಾರಾದರೂ ಕೇಳಬಹುದು. ಅದು ಅಷ್ಟು ಸುಲಭವಲ್ಲ. 1930ರ ದಶಕದಲ್ಲಿ ಕೆನಡಾದ ಟಾಮ್ಲಿನ್ಸನ್ ರೂಪಿಸಿದ ಕುಲುಮೆಯಲ್ಲಿ ಕ್ರಾಫ್ಟ್ ಕಾರ್ಖಾನೆಗಳು ಕಪ್ಪುನೀರನ್ನು ಗಟ್ಟಿಮಾಡಿ ಸುಡುತ್ತವೆ. ಲಿಗ್ನಿನ್ ಸೌದೆಯಾಗುತ್ತದೆ, ಉಗಿಯೂ ವಿದ್ಯುತ್ತೂ ದೊರೆಯುತ್ತವೆ, ಬೂದಿಯಿಂದ ಕ್ಷಾರ ಮರಳಿ ಬರುತ್ತದೆ. ಅದು ಕಸವಲ್ಲ, ಕಾರ್ಖಾನೆಯ ಒಲೆಯ ಕೊಳ್ಳಿ. ಒಲೆಯಿಂದ ಕೊಳ್ಳಿ ಹಿರಿದು ಮಾರಿದರೆ ಒಲೆಗೆ ಬೇರೆ ಸೌದೆ ಕೊಳ್ಳಬೇಕು. ಕುಲುಮೆಯೇ ಚಿಕ್ಕದಾಗಿ ತಿರುಳು ಹೆಚ್ಚಿಸಲಾರದೆ ಕುಳಿತ ಕಾರ್ಖಾನೆಗೆ ಮಾತ್ರ ಸ್ವಲ್ಪ ಲಿಗ್ನಿನ್ನನ್ನು ಹೊರತೆಗೆಯುವುದರಿಂದ ಇಮ್ಮಡಿ ಲಾಭ. ಕಪ್ಪುನೀರಿಗೆ ಇಂಗಾಲದ ಡೈಆಕ್ಸೈಡ್ ಹಾಯಿಸಿ ಲಿಗ್ನಿನ್ನನ್ನು ಮೊಸರಿನಂತೆ ಒಡೆಯಿಸಿ ಸೋಸುವ ಸ್ವೀಡನ್ನಿನ ವಿಧಾನವೊಂದು 2013ರಲ್ಲಿ ಅಮೆರಿಕದ ಪ್ಲಿಮತ್ ಎಂಬಲ್ಲಿ ವಾಣಿಜ್ಯ ಪ್ರಮಾಣದಲ್ಲಿ ಆರಂಭವಾದುದು ಇಂಥ ಲೆಕ್ಕಾಚಾರದಿಂದ. ಹೀಗೆ ತೆಗೆದ ಲಿಗ್ನಿನ್ ಬರಿಯ ನೀರಿನಲ್ಲಿ ಕರಗದು. ಅದಕ್ಕೆ ಸಲ್ಫೊನೇಟ್ ಗುಂಪನ್ನು ಮತ್ತೆ ಜೋಡಿಸಬೇಕು. ಹುಲ್ಲು, ಬಿದಿರುಗಳಲ್ಲಾದರೋ ಸಿಲಿಕದ ಕಾಟ ಬೇರೆ. ಅದು ಕೊಳವೆಗಳಲ್ಲಿ ಕಲ್ಲುಗಟ್ಟಿ ಕುಲುಮೆಯ ಕೆಲಸವನ್ನೇ ಕೆಡಿಸುತ್ತದೆ. ಹುಲ್ಲು ಬೇಯಿಸುವ ಸಣ್ಣ ಕಾರ್ಖಾನೆಗಳು ಬಹುಕಾಲ ಕುಲುಮೆಯೇ ಇಲ್ಲದೆ ಕಪ್ಪುನೀರನ್ನು ಹೊರಗೆ ಬಿಟ್ಟುದಕ್ಕೆ ಇದೂ ಒಂದು ಕಾರಣ. ನನ್ನ ಅಭಿಪ್ರಾಯದಲ್ಲಿ ಲಿಗ್ನಿನ್ನಿನಿಂದ ಮೇಲ್ಮೈಕಾರಕ ತಯಾರಿಸುವ ಉದ್ಯೋಗಕ್ಕೆ ಅತ್ಯಂತ ಅಗತ್ಯವೂ ಅತ್ಯಂತ ಕಷ್ಟವೂ ಇರುವುದು ಇಂಥ ಸಣ್ಣ ಕಾರ್ಖಾನೆಗಳಲ್ಲಿಯೇ.

ಇನ್ನೊಂದು ಎಚ್ಚರಿಕೆ. ಗಿಡಮರಗಳಿಂದ ಬಂದುದೆಲ್ಲ ಸಾಧುವೆಂಬ ನಂಬಿಕೆ ಈಚೆಗೆ ಜಾಹೀರಾತುಗಳಿಂದ ಬೆಳೆದಿದೆ. 1950ರ ದಶಕದಲ್ಲಿ ಪೆಟ್ರೋಲಿಯಂ ಮೂಲದ ಮಾರ್ಜಕಗಳು ಕೊಳೆಯದೆ ಉಳಿದು ಯೂರೋಪಿನ ನದಿಗಳ ಮೇಲೆ ನೊರೆಯ ಗುಡ್ಡೆಗಳಾಗಿ ತೇಲಿದುದು ನಿಜ. ಆಮೇಲೆ ಅವುಗಳ ಅಣುವಿನ ಆಕಾರವನ್ನೇ ಬದಲಿಸಬೇಕಾಯಿತು. ಆದರೆ ಹೊಳೆಯ ಮಡುವಿನಲ್ಲಿ ಅಂಟುವಾಳ ಕದಡಿ ಮೀನು ಹಿಡಿಯುತ್ತಿದ್ದುದೂ ಉಂಟಲ್ಲ! ರಾಳದ ಆಮ್ಲಗಳೂ ಮೀನಿಗೆ ವಿಷವೇ. ಮದ್ದು ಕಾಯಿಸಿದ ಪಾತ್ರೆಯನ್ನು ತೋಡಿನಲ್ಲಿ ತೊಳೆಯಬಾರದೆಂದು ಹೇಳುವುದು ಮೈಲುತುತ್ತಿನ ದೆಸೆಯಿಂದ ಮಾತ್ರವಲ್ಲ. ಲಿಗ್ನೋಸಲ್ಫೊನೇಟಿನ ವಿಷಗುಣ ಕಡಮೆ, ಆದರೆ ಅದು ಕೊಳೆಯುವುದು ಬಹಳ ನಿಧಾನ.

ಕೊನೆಯದಾಗಿ, ಈ ಮೇಜಿನ ಮೇಲಿರುವ ಎರಡು ಸೀಸೆಗಳನ್ನು ಕುರಿತು ವಿದ್ಯಾರ್ಥಿಗಳು ಆಗಲೇ ಪಿಸುಗುಟ್ಟುತ್ತಿದ್ದಾರೆ. ನಮ್ಮ ತೋಟಗಳಲ್ಲಿ ರಾಶಿಬಿದ್ದು ಕೊಳೆಯುವ ಅಡಕೆಯ ಸಿಪ್ಪೆಯಲ್ಲಿಯೂ ಲಿಗ್ನಿನ್ ಉಂಟು. ತೆಂಗಿನ ನಾರಿನಲ್ಲಿ ಅದು ಮರಕ್ಕಿಂತಲೂ ಹೆಚ್ಚು. ಒಂದು ಹಿಡಿ ಅಡಕೆಯ ಸಿಪ್ಪೆಯನ್ನು ಕಾಸ್ಟಿಕ್ ಸೋಡದ ನೀರಿನಲ್ಲಿ ಎರಡು ಗಂಟೆ ಬೇಯಿಸಿ ಸೋಸಿದುದು ಮೊದಲನೆಯ ಸೀಸೆಯಲ್ಲಿದೆ. ಕಾಗದದ ಕಾರ್ಖಾನೆಯ ಕಪ್ಪುನೀರಿಗೆ ಇದು ಸೋದರಸಂಬಂಧಿ, ಗಂಧಕದ ದುರ್ಗಂಧವೊಂದಿಲ್ಲ. ಅದೇ ನೀರಿಗೆ ತೆಳುವಾದ ಗಂಧಕಾಮ್ಲವನ್ನು ಹನಿಹನಿಯಾಗಿ ಬಿಟ್ಟಾಗ ಕಂದುಬಣ್ಣದ ಗಸಿಯಾಗಿ ಒಡೆದುದು ಎರಡನೆಯದರಲ್ಲಿದೆ. ಲಿಗ್ನಿನ್ನೂ ಅದರ ಜೊತೆಗೆ ಸಿಪ್ಪೆಯ ಒಗರೂ ಅದರಲ್ಲಿ ಕೂಡಿವೆ. ಇದನ್ನು ಸಲ್ಫೊನೇಟ್ ಮಾಡಿದರೆ ಮದ್ದಿಗೆ ಅಂಟಾಗಿ, ಕಾಂಕ್ರೀಟಿಗೆ ನೀರುಳಿಸುವ ದ್ರವ್ಯವಾಗಿ ಎಷ್ಟು ಸಲ್ಲುವುದೆಂಬುದನ್ನು ಅಳೆದು ನೋಡಬೇಕು. ಅಳೆಯುವ ಕೆಲಸಕ್ಕೆ ತಕ್ಕಡಿ, ತಾಳ್ಮೆ, ದಿನಚರಿ ಬರೆಯುವ ಒಂದು ಪುಸ್ತಕ ಬೇಕು. ಪುಸ್ತಕವನ್ನು ಕನ್ನಡದಲ್ಲಿಯೇ ಬರೆಯಬಹುದು. ಸಭೆ ಮುಗಿದ ಮೇಲೆ ಸೀಸೆಗಳನ್ನು ಶಾಲೆಯ ವಿಜ್ಞಾನದ ಕೊಠಡಿಯಲ್ಲಿ ಇರಿಸುವರು. ಮಕ್ಕಳು ಬಂದು ನೋಡಲಿ. ಮೊದಲನೆಯ ಸೀಸೆಯ ಮುಚ್ಚಳವನ್ನು ಮಾತ್ರ ಗುರುಗಳಿಲ್ಲದಾಗ ತೆಗೆಯಬಾರದು, ಅದರಲ್ಲಿ ಕೈ ಸುಡುವಷ್ಟು ಕ್ಷಾರ ಇನ್ನೂ ಉಳಿದಿದೆ.